ಕೆಸರು ನೋಡಲು ಟಿಕೆಟ್ಟು

ಹೊನ್ನಾವರದ ಕಡೆ ಪ್ರವಾಸ ಬರುವವರ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಬೆಳಿಗ್ಗೆ ಗೋಕರ್ಣ, ಮಧ್ಯಾಹ್ನ ಇಡಗುಂಜಿ, ಸಂಜೆ ಮುರ್ಡೇಶ್ವರ, ಮಾರನೆಯ ದಿನ ಜೋಗ. ಹೆಚ್ಚಿನವೆಲ್ಲ ದೊಡ್ಡ ದೊಡ್ಡ ಸಂಗತಿಗಳೇ. ಮುರ್ಡೇಶ್ವರದ ಶಿವ 123 ಅಡಿ. ಜೋಗದ ರಾಜಾ 253 ಮೀಟರ್ ಎತ್ತರದಿಂದ ಬೀಳುತ್ತಾನೆ. ಕತ್ತೆತ್ತಿ ನೋಡಬೇಕು, ಅಬ್ಬಾ ಅನ್ನಬೇಕು, ಫೋಟೊ ಹೊಡೆಯಬೇಕು, ಮುಂದಿನ ಊರಿಗೆ ಗಾಡಿ ಬಿಡಬೇಕು.

ಈ ಅವಸರದ ನಡುವೆ ಹೆದ್ದಾರಿ ಶರಾವತಿಯನ್ನು ದಾಟುತ್ತದೆ. ಸೇತುವೆ ಮೇಲೆ ಬಂದಾಗ ಯಾರೋ ಒಬ್ಬರು "ಏ, ಹೊಳೆ ನೋಡ್ರೋ" ಅನ್ನುತ್ತಾರೆ. ಉಳಿದವರು ಫೋನಿನಿಂದ ತಲೆ ಎತ್ತುವಷ್ಟರಲ್ಲಿ ಹೊಳೆ ಮುಗಿದಿರುತ್ತದೆ. ಹಾಗೆ ನೋಡಿದರೆ ಇಲ್ಲಿ ಹೊಳೆ ಸಣ್ಣದೇನಲ್ಲ. ಕೊಂಕಣ ರೈಲು ಮಾರ್ಗದ ಅತಿ ಉದ್ದದ ಸೇತುವೆ ಇರುವುದು ಇದೇ ಶರಾವತಿಯ ಮೇಲೆ, ಎರಡು ಕಿಲೋಮೀಟರಿಗೂ ಜಾಸ್ತಿ. ಹೊಳೆ ಸಮುದ್ರ ಸೇರುವ ಮುಂಚೆ ಅಗಲವಾಗಿ, ನಿಧಾನವಾಗಿ, ಹತ್ತಾರು ಕವಲಾಗಿ ಕುದುರುಗಳ, ಅಂದರೆ ಹೊಳೆಯ ನಡುಗಡ್ಡೆಗಳ, ಸುತ್ತ ಸುತ್ತುತ್ತದೆ. ಆ ಕವಲುಗಳ ಅಂಚಿನಲ್ಲಿ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್.

ಸೇತುವೆಯಾಚೆಯ ಕಾಸರಕೋಡಿನಲ್ಲಿ ಅರಣ್ಯ ಇಲಾಖೆಯವರು ಈ ಕಾಂಡ್ಲಾದೊಳಗೆ ಒಂದು ಹಲಗೆ ಹಾದಿ ಹಾಕಿದ್ದಾರೆ. ಕೆಳಗೆ ಕೆಸರು, ಮೇಲೆ ಹಲಗೆ, ಎರಡೂ ಕಡೆ ಕೈಹಿಡಿಕೆ, ತಲೆ ಮೇಲೆ ಎಲೆ. ಹಾದಿ ಬಳುಕುತ್ತಾ ಒಳಗೆ ಹೋಗುತ್ತದೆ. ಕಾಸರಕೋಡಿನ ಕಡಲ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಶುಚಿಯಾದ ತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿದ ಮೇಲೆ ಜನವೆಲ್ಲ ಆ ಕಡೆ. ಅದು ಕಾಂಡ್ಲಾಕ್ಕೆ ಒಳ್ಳೆಯದೇ ಆಯಿತು.

ನನ್ನ ಸೋದರಮಾವನ ಮನೆ ಇದೇ ಹೊಳೆಯ ಮೇಲ್ಭಾಗದಲ್ಲಿ, ಗೇರುಸೊಪ್ಪೆಗೆ ಹೋಗುವ ದಾರಿಯಲ್ಲಿ. ರಜೆಗೆ ಹೋದಾಗ ಕಾಂಡ್ಲಾ ನೋಡಿ ಬರುತ್ತೇನೆ ಎಂದು ಹೊರಟರೆ ಮಾವ ಕವಳ ಹಾಕುತ್ತಾ ಒಂದೇ ಪ್ರಶ್ನೆ ಕೇಳುತ್ತಾನೆ.

"ಎಂತ ಇದ್ದೋ ಅಲ್ಲಿ? ಕೆಸರು ನೋಡ್ಲೆ ದುಡ್ಡು ಕೊಟ್ಟು ಹೋಗವಾ?"

ಅತ್ತೆಗೆ ಅದರ ಚಿಂತೆ ಇಲ್ಲ. "ಊಟಕ್ಕೆ ತಡ ಮಾಡಡ ತಮಾ" ಅಂದರೆ ಅವಳ ಮಾತು ಮುಗಿಯಿತು.

ಮಾವನ ಪ್ರಶ್ನೆಯಲ್ಲಿ ನ್ಯಾಯ ಇದೆ. ಕರಾವಳಿಯವರಿಗೆ ಕೆಸರು ಕೆಲಸದ ಜಾಗ. ಬಲೆ ಬಿಡುವವರು, ಏಡಿ ಹಿಡಿಯುವವರು, ಬಳಚು ಅನ್ನುವ ಚಿಪ್ಪುಜೀವಿ ಆರಿಸುವವರು ಮೊಣಕಾಲವರೆಗೆ ಅದರಲ್ಲೇ ನಿಲ್ಲುತ್ತಾರೆ. ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆಯವರು ಕಟ್ಟೆ ಕೊಚ್ಚಿ ಹೋಗದಿರಲಿ ಎಂದು ಅಂಚಿಗೆ ಕಾಂಡ್ಲಾ ನೆಡುತ್ತಿದ್ದರು. ಬಲೆ ಬಾಳಿಕೆ ಬರಲಿ ಎಂದು ಅದರ ತೊಗಟೆಯ ರಸಕ್ಕೆ ಅದ್ದುತ್ತಿದ್ದರು. ಇವರಲ್ಲಿ ಯಾರೂ ಟಿಕೆಟ್ ತೆಗೆದುಕೊಂಡು, ಕಾಲಿಗೆ ಮಣ್ಣು ತಾಗದ ಹಾಗೆ ಹಲಗೆ ಮೇಲೆ ನಿಂತು, "ವಾವ್, ಎಷ್ಟು ಕೆಸರು!" ಅಂದವರಲ್ಲ. ಆ ಭಾಗ್ಯ ನಮ್ಮಂಥ ಬೆಂಗಳೂರಿನವರದ್ದು.

ಆದರೂ ಈ ಟಿಕೆಟ್ ದುಡ್ಡು ದಂಡ ಅಂತ ನನಗೆ ಅನ್ನಿಸಿಲ್ಲ. ದುಡ್ಡು ದಂಡ ಆಗುವುದು ಹೊತ್ತು ನೋಡದೆ ಹೋದವರಿಗೆ. ಹೊತ್ತು ಅಂದರೆ ಗಡಿಯಾರದ್ದಲ್ಲ, ನೀರಿನದ್ದು. ಉಬ್ಬರ ಇದ್ದಾಗ ಹೋದರೆ ಹಲಗೆಯ ಕೆಳಗೆಲ್ಲ ಕಂದು ನೀರು. ಮರಗಳು ಸುಮ್ಮನೆ ನೀರಲ್ಲಿ ನಿಂತಿರುತ್ತವೆ. ಚೆನ್ನಾಗಿಯೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಊರಿನ ಜನವೆಲ್ಲ ಬಾಗಿಲು ಹಾಕಿಕೊಂಡು ಮಲಗಿದ್ದಾಗ ಬೀದಿ ಸುತ್ತಿದ ಹಾಗೆ. ಅಂಥ ಹೊತ್ತಿನಲ್ಲಿ ಬಂದು, ಎರಡು ಫೋಟೊ ತೆಗೆದು, "ಏನಿಲ್ಲ ಮಾರಾಯ್ರೇ, ಬರೀ ಮರ" ಎಂದು ಹೊರಟವರನ್ನು ನೋಡಿದ್ದೇನೆ. ಅವರ ಕಾಲ ಕೆಳಗೆ, ಒಂದು ಗೇಣು ನೀರಿನಡಿ, ಬಿಲದ ಬಾಯಿಗೆ ಮಣ್ಣಿನ ಮುಚ್ಚಳ ಹಾಕಿಕೊಂಡು ಇಡೀ ಊರು ಕೂತಿರುತ್ತದೆ.

ಇಳಿತದಲ್ಲಿ ಹೋಗಬೇಕು. ಇಳಿತ ಎಷ್ಟು ಗಂಟೆಗೆ ಅಂದರೆ ಅದು ದಿನಾ ಬೇರೆ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು 8 ಗಂಟೆಗೆ ನೀರು ಪೂರ್ತಿ ಇಳಿದಿದ್ದರೆ ನಾಳೆ ಇಳಿಯುವುದು ಹೆಚ್ಚುಕಡಿಮೆ 8.50ಕ್ಕೆ. ದಿನಕ್ಕೆ ಐವತ್ತು ನಿಮಿಷ ತಡ. ಕಾರಣ ಚಂದ್ರ. ಅವನೂ ದಿನಾ ಅಷ್ಟೇ ತಡವಾಗಿ ಹುಟ್ಟುತ್ತಾನೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಎಳೆಯುವುದರಿಂದ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಹತ್ತಿರ ಏರಿಳಿತ ಮಂದ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಉಬ್ಬರ ಹತ್ತು ಮೀಟರ್ ಏರುತ್ತದಂತೆ. ನಮ್ಮ ಕರಾವಳಿಯದ್ದು ಆಳೆತ್ತರಕ್ಕಿಂತ ಜಾಸ್ತಿ ಇಲ್ಲ, ಸಂಭಾವಿತ ಸಮುದ್ರ. ಆದರೂ ಕೆಸರಿನಲ್ಲಿ ಬದುಕುವವರಿಗೆ ಆ ಆಳೆತ್ತರವೇ ಸಾಕು. ಅವರ ಊಟ, ಓಡಾಟ, ಜಗಳ, ಮದುವೆ ಎಲ್ಲ ಅದಕ್ಕೇ ಹೊಂದಿಕೊಂಡಿದೆ.

ಮಾವ ಕಾಂಡ್ಲಾ ನೋಡಿದವನಲ್ಲ. ಆದರೆ ಗೋಡೆಗೆ ನೇತುಹಾಕಿದ ಪಂಚಾಂಗ ನೋಡಿ "ಇವತ್ತು ಏಕಾದಶಿ" ಎಂದರೆ ಸಾಕು, ನೀರಿನ ಲೆಕ್ಕ ಅರ್ಧ ಸಿಕ್ಕಿದ ಹಾಗೆ. ಉಳಿದರ್ಧಕ್ಕೆ ದೋಣಿ ನಿಲ್ಲುವ ದಕ್ಕೆಯಲ್ಲಿ ಯಾರನ್ನು ಕೇಳಿದರೂ ಆಗುತ್ತದೆ. ಫೋನಿನಲ್ಲೂ ಸಿಗುತ್ತದೆ ಅನ್ನಿ.

ಒಳಗೆ ಹೊಕ್ಕ ಕೂಡಲೇ ಮೊದಲು ಸಿಗುವುದು ವಾಸನೆ. ಕೊಳೆತ ಮೊಟ್ಟೆಯದ್ದು. ಮೂಗು ಮುಚ್ಚಿಕೊಳ್ಳುವವರೇ ಜಾಸ್ತಿ. ಈ ಕೆಸರಿನೊಳಗೆ ಗಾಳಿ ಆಡುವುದಿಲ್ಲ. ಬಿದ್ದ ಎಲೆಗಳನ್ನು ಕೊಳೆಸುವ ಕೆಲಸ ಗಾಳಿ ಬೇಡದ ಬ್ಯಾಕ್ಟೀರಿಯಾಗಳದ್ದು. ಅವು ಬಿಡುವ ಹೈಡ್ರೋಜನ್ ಸಲ್ಫೈಡಿನ ವಾಸನೆ ಅದು. ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಹೋಗುತ್ತದೆ.

ಮಣ್ಣಲ್ಲಿ ಗಾಳಿ ಇಲ್ಲ ಅಂದರೆ ಬೇರು ಉಸಿರಾಡುವುದು ಹೇಗೆ? ಒಂದು ಜಾತಿಯ ಮರ ಕಾಂಡದ ಅರ್ಧದಿಂದಲೇ ಕಮಾನಿನ ಹಾಗೆ ಬೇರು ಇಳಿಬಿಟ್ಟು, ಕೆಸರಿನ ಮೇಲೆ ನಿಂತುಕೊಂಡಿದೆ. ಇನ್ನೊಂದು ತನ್ನ ಬೇರುಗಳನ್ನು ಕೆಳಗಿನಿಂದ ಮೇಲಕ್ಕೇ ಕಳಿಸಿದೆ. ಮರದ ಸುತ್ತ ಬೆರಳುದ್ದದ ಕಡ್ಡಿಗಳು ನೂರಾರು, ನೆಟ್ಟಗೆ ಆಕಾಶ ನೋಡುತ್ತಾ ಕೆಸರಿನಿಂದ ಎದ್ದಿರುತ್ತವೆ. ನೀರು ಇಳಿದಾಗ ಅವುಗಳ ಮೂಲಕ ಗಾಳಿ ಒಳಗೆ ಹೋಗುತ್ತದೆ. ಸಸಿ ನೆಟ್ಟಿದ್ದಾರೆ, ಸಾಲು ಸರಿಯಾಗಿಲ್ಲ ಎಂದು ಒಬ್ಬರು ಇಲಾಖೆಯವರನ್ನು ಬೈದದ್ದನ್ನು ಕೇಳಿದ್ದೇನೆ.

ಕಮಾನು ಬೇರಿನ ಮರದಲ್ಲಿ ಉದ್ದುದ್ದ ಹಸಿರು ಕೋಡು ತೂಗುತ್ತಿರುತ್ತವೆ. ಹೆಂಗಸರ ಗುಂಪು ಬಂದರೆ "ನುಗ್ಗೆಕಾಯಿ!" ಅನ್ನುವ ದನಿ ಗ್ಯಾರಂಟಿ. ಒಬ್ಬರಂತೂ ಕೀಳಲು ಕೈಯನ್ನೇ ಚಾಚಿದ್ದರು. ಅದು ಕಾಯಿ ಅಲ್ಲ, ಮರಿ. ಈ ಮರದ ಬೀಜ ನೆಲಕ್ಕೆ ಬಿದ್ದು ಮೊಳೆಯುವುದಿಲ್ಲ, ತಾಯಿಮರದ ಮೇಲೇ ಮೊಳೆತು ತಿಂಗಳುಗಟ್ಟಲೆ ಅಲ್ಲೇ ಬೆಳೆಯುತ್ತದೆ. ಆಮೇಲೆ ಒಂದು ದಿನ ಕಳಚಿಕೊಳ್ಳುತ್ತದೆ. ಆಗ ಇಳಿತ ಇದ್ದರೆ ಚೂಪು ತುದಿ ಕೆಸರಿಗೆ ಚುಚ್ಚಿಕೊಂಡು ಅಲ್ಲೇ ಮನೆ ಮಾಡುತ್ತದೆ. ಉಬ್ಬರ ಇದ್ದರೆ ನೀರಿನ ಮೇಲೆ ತೇಲುತ್ತಾ ಹೋಗಿ, ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದು, ಎಲ್ಲೋ ಬೇರೆ ಊರಿನ ಅಂಚಿಗೆ ತಾಗಿದಾಗ ಬೇರು ಬಿಡುತ್ತದೆ. ಯಾವ ಮರಿ ಮನೆಯಲ್ಲಿ ಉಳಿಯಬೇಕು, ಯಾವುದು ಊರು ಬಿಡಬೇಕು ಅನ್ನುವುದು ಬೀಳುವ ಗಳಿಗೆಯ ಮೇಲೆ. ಜಾತಕ ಬರೆಯುವವರು ಬೇಕಾದರೆ ಒಮ್ಮೆ ಬಂದು ನೋಡಬಹುದು.

ಕಡ್ಡಿ ಬೇರಿನ ಮರದ ಎಲೆಗೆ ಬೇರೆಯೇ ಒಂದು ವಿದ್ಯೆ ಇದೆ. ಒಂದು ಎಲೆಯ ಮೇಲೆ ಬೆರಳಾಡಿಸಿ, ಆ ಬೆರಳನ್ನು ನಾಲಿಗೆಗೆ ಇಟ್ಟು ನೋಡಿ. ಉಪ್ಪು. ಬಿಸಿಲು ಚೆನ್ನಾಗಿದ್ದ ದಿನ ಎಲೆಯ ಮೇಲೆ ಸಣ್ಣ ಹರಳುಗಳು ಕಣ್ಣಿಗೇ ಕಾಣುತ್ತವೆ. ಉಪ್ಪುನೀರು ಕುಡಿದು, ನೀರನ್ನು ಇಟ್ಟುಕೊಂಡು, ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಗೆ ಹಾಕುತ್ತದೆ ಈ ಮರ. ಕಮಾನು ಬೇರಿನವರು ಇನ್ನೂ ಜಾಣರು, ಬೇರಿನಲ್ಲೇ ಸೋಸಿ ಹೆಚ್ಚಿನ ಉಪ್ಪನ್ನು ಬಾಗಿಲಲ್ಲೇ ತಡೆಯುತ್ತಾರೆ.

ಮಜಾ ಏನೆಂದರೆ ಈಗೀಗ ಶರಾವತಿಯಲ್ಲಿ ಉಪ್ಪೇ ಕಡಿಮೆ.

ಮೊದಲು ಮಳೆಗಾಲ ಮುಗಿದ ಮೇಲೆ ಹೊಳೆ ಸೊರಗುತ್ತಿತ್ತು. ಬೇಸಿಗೆಯಲ್ಲಿ ಸಮುದ್ರದ ಉಪ್ಪು ಉಬ್ಬರದ ಜತೆ ಹೊಳೆಯಲ್ಲಿ ಬಹಳ ದೂರ ಮೇಲೆ ಬರುತ್ತಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ವಿದ್ಯುದಾಗಾರ ಒಂದರಿಂದಲೇ 1,035 ಮೆಗಾವಾಟ್. ಅಲ್ಲಿ ಚಕ್ರ ತಿರುಗಿಸಿದ ನೀರು ಕೆಳಗೆ ಬಂದು ಗೇರುಸೊಪ್ಪೆಯಲ್ಲಿ ಇನ್ನೊಮ್ಮೆ ದುಡಿಯುತ್ತದೆ, ಅಲ್ಲಿ 240 ಮೆಗಾವಾಟ್. ಕರೆಂಟು ವರ್ಷವಿಡೀ ಬೇಕು. ಹಾಗಾಗಿ ನೀರೂ ವರ್ಷವಿಡೀ ಬಿಡಬೇಕು. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನಾನು ಫ್ಯಾನು ಹಾಕಿದರೆ ಇಲ್ಲಿ ಹೊಳೆಗೆ ಸಿಹಿನೀರು ಇಳಿಯುತ್ತದೆ. ಸಮುದ್ರ ಉಬ್ಬರದಲ್ಲಿ ಉಪ್ಪು ಹೊತ್ತು ಬಂದರೆ ಎದುರಿಗೆ ಈ ಸಿಹಿನೀರು ನಿಂತಿರುತ್ತದೆ.

ಇದರ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಉಪ್ಪು ಬೇಕಾದ ಬಳಚಿನಂಥ ಚಿಪ್ಪುಜೀವಿಗಳು ಶರಾವತಿ ಅಳಿವೆಯಲ್ಲಿ ಕಡಿಮೆಯಾದದ್ದಕ್ಕೆ ಇದೇ ಕಾರಣ ಅನ್ನುತ್ತಾರೆ. ಹೊಳೆಯಂಚಿನ ಹಳ್ಳಿಗಳ ವಯಸ್ಸಾದ ಹೆಂಗಸರಿಗೆ ಈ ಸಂಗತಿ ಹೇಳಲು ಅಧ್ಯಯನ ಬೇಕಾಗಿಲ್ಲ. "ಮೊದ್ಲು ಬುಟ್ಟಿಗಟ್ಲೆ ಸಿಗ್ತಿತ್ತು" ಎಂದು ಕೈಯಲ್ಲೇ ಬುಟ್ಟಿಯ ಗಾತ್ರ ತೋರಿಸುತ್ತಾರೆ. ಉತ್ತರಕ್ಕೆ, ಕುಮಟೆಯ ಆಚೆ, ಅಘನಾಶಿನಿ ಇದೆ. ಅದಕ್ಕೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಬಳಚು ಅಲ್ಲಿ ಈಗಲೂ ಹಲವರ ಮನೆಯ ಒಲೆ ಉರಿಸುತ್ತದೆ. 2024ರಲ್ಲಿ ಆ ಅಳಿವೆ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೂ, ಸೇರಿತು. ಎರಡೂ ಒಂದೇ ಜಿಲ್ಲೆಯ ಹೊಳೆಗಳು, ಒಂದೇ ಸಮುದ್ರಕ್ಕೆ ಬೀಳುವವು. ಒಂದು ಕರೆಂಟು ಕೊಟ್ಟಿತು, ಇನ್ನೊಂದು ಬಳಚು ಉಳಿಸಿಕೊಂಡಿತು. ಫ್ಯಾನಿನ ಕೆಳಗೆ ಕೂತು ಇದನ್ನು ಬರೆಯುತ್ತಿರುವ ನಾನು ಜಾಸ್ತಿ ಮಾತಾಡದಿರುವುದೇ ಮರ್ಯಾದೆ.

ಸಿಹಿನೀರು ಬಂದದ್ದರಿಂದ ಖುಷಿಪಟ್ಟವರೂ ಇದ್ದಾರೆ. ಕಡಿಮೆ ಉಪ್ಪಿನಲ್ಲಿ ಚೆನ್ನಾಗಿ ಬೆಳೆಯುವ ಕಾಂಡ್ಲಾದ ಒಂದು ಜಾತಿ ಈ ಹೊಳೆಯಲ್ಲಿದೆ. ಅದರ ಹೂವು ಸಂಜೆ ಅರಳುತ್ತದೆ, ಒಂದೇ ರಾತ್ರಿ ಬಾಳುತ್ತದೆ. ಬಾವಲಿಗಳೂ ಪತಂಗಗಳೂ ಬಂದು ಮಕರಂದ ಹೀರಿ ಪರಾಗ ಸಾಗಿಸಿ ಹೋಗುತ್ತವೆ. ಬೆಳಗಾಗುವಷ್ಟರಲ್ಲಿ ಹೂವಿನ ಕೇಸರಗಳೆಲ್ಲ ಉದುರುತ್ತವೆ. ಹೂ ಬಿಡುವ ಕಾಲದಲ್ಲಿ ಬೆಳಿಗ್ಗೆ ಬೇಗ ಹೋದರೆ ಆ ಮರದ ಕೆಳಗೆ ಕೆಂಪು ನೂಲಿನ ಚೂರುಗಳು ಚೆಲ್ಲಾಡಿರುತ್ತವೆ.

ಇನ್ನು ಕೆಸರಿಗೆ ಬರೋಣ. ನಾನು ಹೋಗುವುದು ಮುಖ್ಯವಾಗಿ ಏಡಿಗಳನ್ನು ನೋಡಲು.

ಫಿಡ್ಲರ್ ಏಡಿ ಅಂತಾರೆ ಇವಕ್ಕೆ. ಎರಡು ಬೆರಳಗಲ ಇದ್ದರೆ ಹೆಚ್ಚು. ಹಲಗೆ ಮೇಲೆ ನಡೆದು ಬರುವ ಶಬ್ದಕ್ಕೇ ಅಷ್ಟೂ ಬಿಲಕ್ಕೆ ಇಳಿದುಬಿಡುತ್ತವೆ. ಕೆಸರು ಖಾಲಿ, ತೂತುಗಳು ಮಾತ್ರ. ಕೈಹಿಡಿಕೆಗೆ ಒರಗಿ ಅಲುಗಾಡದೆ ನಿಲ್ಲಬೇಕು. ಒಂದೆರಡು ನಿಮಿಷಕ್ಕೆ ಒಂದು ತೂತಿನಿಂದ ಎರಡು ಕಡ್ಡಿ ಮೇಲೆ ಬರುತ್ತವೆ. ಅವು ಕಣ್ಣು. ಆಮೇಲೆ ಒಂದು ಕಾಲು. ಆಮೇಲೆ ಇನ್ನೊಂದು ತೂತಿನಿಂದ ಇನ್ನೊಂದು. ಐದು ನಿಮಿಷದಲ್ಲಿ ಖಾಲಿ ಇದ್ದ ಕೆಸರು ಸಂತೆಯಾಗಿರುತ್ತದೆ.

ಹೆಣ್ಣಿಗೆ ಎರಡೂ ಕೊಂಡಿ ಸಣ್ಣವು. ಎರಡೂ ಕೈಯಲ್ಲಿ ಕೆಸರು ಎತ್ತಿ ಬಾಯಿಗೆ ಹಾಕುತ್ತದೆ, ಅದರಲ್ಲಿರುವ ಪಾಚಿ ಗೀಚಿ ಸೋಸಿ ತಿಂದು, ಉಳಿದ ಮಣ್ಣನ್ನು ಸಾಸಿವೆಗಿಂತ ಸ್ವಲ್ಪ ದೊಡ್ಡ ಉಂಡೆ ಮಾಡಿ ಪಕ್ಕಕ್ಕೆ ಇಡುತ್ತದೆ. ಬಿಲದ ಸುತ್ತ ಅಂಥ ಉಂಡೆಗಳ ಸಾಲು. ಗಂಡಿಗೆ ಮಾತ್ರ ಒಂದು ಕೊಂಡಿ ವಿಪರೀತ ದೊಡ್ಡದು, ಮೈತೂಕದ ಮೂರನೇ ಒಂದು ಭಾಗದಷ್ಟು, ಕೆಲವು ಜಾತಿಗಳಲ್ಲಿ ಅದಕ್ಕೂ ಜಾಸ್ತಿ. ಅದರಿಂದ ಊಟ ಮಾಡಲು ಆಗುವುದಿಲ್ಲ. ಉಳಿದ ಒಂದೇ ಸಣ್ಣ ಕೈಯಲ್ಲಿ ತಿನ್ನಬೇಕು, ಹಾಗಾಗಿ ಹೊಟ್ಟೆ ತುಂಬಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಇಷ್ಟೆಲ್ಲ ಕಷ್ಟಪಟ್ಟು ಹೊತ್ತುಕೊಂಡು ತಿರುಗುವ ಆ ಕೊಂಡಿ ಏತಕ್ಕೆ ಅಂದರೆ ಬೀಸುವುದಕ್ಕೆ. ಹೆಣ್ಣು ಆ ಕಡೆಯಿಂದ ಹಾದುಹೋದರೆ ಸಾಕು, ಬಿಲದ ಬಾಯಲ್ಲಿ ನಿಂತು ಕೊಂಡಿ ಎತ್ತಿ ಇಳಿಸಿ, ಎತ್ತಿ ಇಳಿಸಿ, ಬಾ ಮನೆ ನೋಡು ಅನ್ನುತ್ತದೆ. ಪಕ್ಕದ ಬಿಲದವನೂ ಶುರು ಮಾಡುತ್ತಾನೆ. ಅವನ ಪಕ್ಕದವನೂ. ಅವಳು ನಿಂತು, ಒಂದು ಬಿಲ ಇಣುಕಿ, ಬೇಡ ಎಂದು ಮುಂದೆ ಹೋಗುತ್ತಾಳೆ.

ಇದರಲ್ಲಿ ಮೋಸವೂ ಇದೆ. ಜಗಳದಲ್ಲಿ ಗಂಡಿನ ಕೊಂಡಿ ಮುರಿದರೆ ಮತ್ತೆ ಬೆಳೆಯುತ್ತದೆ. ಕೆಲವು ಜಾತಿಗಳಲ್ಲಿ ಹೊಸದು ಉದ್ದಕ್ಕೆ ಹಳೆಯದರಷ್ಟೇ ಇರುತ್ತದೆ, ಆದರೆ ಹಗುರ, ಒಳಗೆ ಬಲ ಇಲ್ಲ. ಹೆಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎದುರಾಳಿಗೂ ಕೈ ಕೈ ಮಿಲಾಯಿಸುವ ತನಕ ತಿಳಿಯುವುದಿಲ್ಲ. ಪೊಳ್ಳು ಕೊಂಡಿಯಲ್ಲೇ ಸಂಸಾರ ನಡೆದುಹೋಗುತ್ತದೆ.

ಈ ಪಾಠ ನನಗೆ ಅರ್ಥವಾದದ್ದು ಒಂದು ಫೋಟೊ ಶೂಟಿನ ದಿನ. ಹೊನ್ನಾವರದ ಹಿನ್ನೀರು ಈಗ ಮದುವೆ ಫೋಟೊದವರಿಗೆ ಬಲು ಇಷ್ಟದ ಜಾಗ. ಹಲಗೆ ಹಾದಿಯ ತಿರುವಿನಲ್ಲಿ ಒಬ್ಬ ಹುಡುಗ ಬಾಡಿಗೆಗೆ ತಂದಂತೆ ಕಾಣುವ ಕೋಟು ಹಾಕಿ ನಿಂತಿದ್ದ. ಭುಜ ಅವನ ಅಳತೆಗಿಂತ ಎರಡಿಂಚು ಅಗಲ. ಹುಡುಗಿ ನೆಲಕ್ಕೆ ಗುಡಿಸುವ ಗೌನಿನಲ್ಲಿ. ಕ್ಯಾಮೆರಾದವನು "ಸರ್, ಒಂದು ಕೈ ಮೇಲೆ ಎತ್ತಿ, ಮೇಡಂನ ಕರೀರಿ, ನಗ್ತಾ ಕರೀರಿ" ಎಂದು ಹೇಳಿಕೊಡುತ್ತಿದ್ದ. ಅವನು ಕೈ ಎತ್ತಿದ, ಇಳಿಸಿದ. "ಇನ್ನೊಂದ್ಸಲ ಸರ್." ಎತ್ತಿದ, ಇಳಿಸಿದ. ಹಲಗೆಯ ಕೆಳಗೆ ಅದೇ ಹೊತ್ತಿಗೆ ಹದಿನೈದಿಪ್ಪತ್ತು ಮಂದಿ ಯಾರೂ ಹೇಳಿಕೊಡದೆ ಅದೇ ಕೆಲಸ ಮಾಡುತ್ತಿದ್ದರು. ನಗು ತಡೆಯಲು ನಾನು ಮಿಂಚುಳ್ಳಿ ಹುಡುಕುವವನ ಹಾಗೆ ಆ ಕಡೆ ತಿರುಗಿದೆ. ಅಂದಹಾಗೆ ಹುಡುಗ ಒಳ್ಳೆಯವನಂತೆ ಕಂಡ. ಹುಡುಗಿಯ ಗೌನಿಗೆ ಕೆಸರು ತಾಗದ ಹಾಗೆ ಇಡೀ ಹೊತ್ತು ಹಿಂದಿನಿಂದ ಎತ್ತಿ ಹಿಡಿದೇ ನಡೆದ.

ಏಡಿಗಳ ನಡುವೆ ಆಗಾಗ ಏನೋ ಟಪ್ ಎಂದು ಹಾರುತ್ತದೆ. ಕಪ್ಪೆ ಅಂದುಕೊಳ್ಳುತ್ತೀರಿ. ನೋಡಿದರೆ ಮೀನು. ಮಡ್‌ಸ್ಕಿಪ್ಪರ್. ಎದೆಯ ರೆಕ್ಕೆಗಳನ್ನು ಊರುಗೋಲು ಮಾಡಿಕೊಂಡು ಕೆಸರಿನ ಮೇಲೆ ತೆವಳುತ್ತದೆ, ಬೇರು ಹತ್ತುತ್ತದೆ, ಬಾಲ ಬಡಿದು ಹಾರುತ್ತದೆ. ಕಿವಿರಿನ ಕೋಣೆಯಲ್ಲಿ ಒಂದಿಷ್ಟು ನೀರು ತುಂಬಿಕೊಂಡಿರುತ್ತದೆ. ಮೈ ಒದ್ದೆ ಇರುವ ತನಕ ಚರ್ಮದಿಂದಲೂ ಉಸಿರಾಡುತ್ತದೆ. ಒಣಗಿತು ಅನ್ನಿಸಿದರೆ ಕೆಸರಿನಲ್ಲಿ ಒಮ್ಮೆ ಹೊರಳುತ್ತದೆ, ಅಷ್ಟೆ. ಕಣ್ಣುಗಳು ನೆತ್ತಿಯ ಮೇಲೆ, ಉಬ್ಬಿಕೊಂಡು. ಅದು ಕಣ್ಣು ಮಿಟುಕಿಸುತ್ತದೆ! ಮೀನಿಗೆ ರೆಪ್ಪೆ ಎಲ್ಲಿಂದ ಬರಬೇಕು? ಇಡೀ ಕಣ್ಣನ್ನೇ ಗುಳಿಯೊಳಗೆ ಎಳೆದುಕೊಂಡು, ಅಲ್ಲಿನ ಚರ್ಮದಿಂದ ಒರೆಸಿ, ಒದ್ದೆ ಮಾಡಿ, ಮತ್ತೆ ಮೇಲೆ ತರುತ್ತದೆ. ನಾವು ಮಿಟುಕಿಸುವುದೂ ಇದೇ ಕಾರಣಗಳಿಗೇ, ಕಣ್ಣು ಒಣಗದಿರಲಿ, ಕಸ ಹೋಗಲಿ, ಪೆಟ್ಟು ತಪ್ಪಲಿ ಎಂದು. ನೀರು ಬಿಟ್ಟು ನೆಲಕ್ಕೆ ಬಂದ ಪ್ರಾಣಿಗಳು ಮಿಟುಕಿಸಲು ಕಲಿತದ್ದು ಹೇಗಿರಬಹುದು ಎಂಬುದಕ್ಕೆ ಈ ಮೀನು ಸುಳಿವು ಎಂದು 2023ರಲ್ಲಿ ಬಂದ ಒಂದು ಅಧ್ಯಯನ ಹೇಳಿತು. ನಾನು ಅದನ್ನು ಓದಿದ ಮೇಲೆ ಹೋಗಿ ನೋಡಿದ್ದು. ಎಡಗಣ್ಣು, ಬಲಗಣ್ಣು, ಒಂದೊಂದೇ ಒಳಗೆ ಹೋಗಿ ಬರುತ್ತಿತ್ತು. ನನ್ನನ್ನೇ ನೋಡುತ್ತಿತ್ತು ಅನ್ನಿಸಿ ಸ್ವಲ್ಪ ಮುಜುಗರವೂ ಆಯಿತು.

ಹಕ್ಕಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಮೇಲೆ ಗರುಡ. ಹಕ್ಕಿ ನೋಡುವವರು ಉದ್ದ ಲೆನ್ಸು ಹಿಡಿದು ಬರುತ್ತಾರೆ, ಮೇಲೆ ನೋಡುತ್ತಾರೆ, ಹೆಸರು ಬರೆದುಕೊಳ್ಳುತ್ತಾರೆ. ಅವರ ಮೇಲೆ ನನಗೆ ಗೌರವವೇ. ಆದರೆ ಕೆಸರನ್ನು ಬಗ್ಗಿ ನೋಡುವವರು ಕಡಿಮೆ.

ಈ ಜಾಗದಲ್ಲಿ ಕಷ್ಟ ಇರುವುದು ಒಂದೇ, ಸುಮ್ನೆ ಇರುವುದು. ನಮ್ಮ ಜನಕ್ಕೆ ನಾಲ್ಕು ಜನ ಸೇರಿದ ಮೇಲೆ ಮಾತಿಲ್ಲದೆ ನಡೆಯುವುದು ಅಂದರೆ ಯಾರೋ ಸಿಟ್ಟು ಮಾಡಿಕೊಂಡಿದ್ದಾರೆ ಎಂದೇ ಅರ್ಥ. ಒಬ್ಬರು ಸುಮ್ಮನಾದರೆ ಇನ್ನೊಬ್ಬರು "ಯಾಕೆ, ಹುಷಾರಿಲ್ವಾ?" ಅನ್ನುತ್ತಾರೆ. "ಶಬ್ದ ಮಾಡಬೇಡಿ" ಎಂದು ಬರೆದ ಬೋರ್ಡನ್ನು ಮಕ್ಕಳಿಗೆ ತೋರಿಸಿ ಅಪ್ಪಂದಿರು ದೊಡ್ಡ ದನಿಯಲ್ಲಿ ಓದಿಸುತ್ತಾರೆ. ಓದು ಬರಲಿ ಅಂತ. ಸ್ಪೀಕರ್ ಹಿಡಿದು ಹಾಡು ಹಾಕಿಕೊಂಡು ಬಂದ ಹುಡುಗರ ಗುಂಪೊಂದು ಒಮ್ಮೆ ಹಾದಿಯ ಈ ತುದಿಯಿಂದ ಆ ತುದಿಗೆ ಹೋಗಿ ವಾಪಸ್ಸು ಬಂತು. ಅವರಿಗೆ ಒಂದೇ ಒಂದು ಏಡಿ ಕಾಣಲಿಲ್ಲ. ಏಡಿಗಳಿಗೆ ಅವರು ಪೂರ್ತಿ ಕಂಡಿರುತ್ತಾರೆ, ಅಥವಾ ಹಲಗೆಯ ನಡುಕದಲ್ಲಿ ತಿಳಿದಿರುತ್ತಾರೆ.

ಹಾಗೆಂದು ಮಾತೇ ಕೂಡದು ಅನ್ನುವ ಕಟ್ಟುನಿಟ್ಟಿನವನು ನಾನಲ್ಲ. ಹಾದಿ ಚಿಕ್ಕದು, ಸುಮ್ನೆ ನಡೆದರೆ ಬೇಗ ಮುಗಿಯುತ್ತದೆ. ಅದನ್ನು ಎಷ್ಟು ಉದ್ದ ಮಾಡಿಕೊಳ್ಳಬೇಕು ಅನ್ನುವುದು ಎಷ್ಟು ಕಡೆ ನಿಲ್ಲುತ್ತೀರಿ ಅನ್ನುವುದರ ಮೇಲೆ. ಇದನ್ನು ಇನ್ನಷ್ಟು ಉದ್ದ ಮಾಡಿ, ತುದಿಗೊಂದು ಕಾಫಿ ಅಂಗಡಿ ಇಟ್ಟು, ಹೃದಯದ ಆಕಾರದ ಕಮಾನು ಕಟ್ಟಿ, ಗಾಜಿನ ನೆಲ ಹಾಕಿದರೆ ಜನ ಜಾಸ್ತಿ ಬರುತ್ತಾರೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ. ಕಸದ ಬುಟ್ಟಿ ಇನ್ನೆರಡು ಇಟ್ಟರೆ ಸಾಕು. ಉಬ್ಬರದ ಜತೆ ಹೊಳೆಯಿಂದ ಬರುವ ಚಿಪ್ಸ್ ಪೊಟ್ಟಣಗಳು ಬೇರಿನ ಕಡ್ಡಿಗಳಿಗೆ ಸಿಕ್ಕಿಕೊಂಡು ಹಾಗೇ ಉಳಿಯುತ್ತವೆ. ಅದನ್ನು ಎಸೆದವರು ಇಲ್ಲಿಗೆ ಬಂದವರೇ ಆಗಬೇಕೆಂದಿಲ್ಲ. ಮೇಲಿನ ಯಾವುದೋ ಊರಿನವರು ಇರಬಹುದು, ಸಮುದ್ರದ ಕಡೆಯವರೂ ಇರಬಹುದು.

ಮಳೆಗಾಲದಲ್ಲಿ ಹಲಗೆ ಪಾಚಿಗಟ್ಟಿ ಜಾರುತ್ತದೆ, ಹಿಡಿಕೆ ಬಿಡಬಾರದು. ಬೇಸಿಗೆ ಮಧ್ಯಾಹ್ನ ಸೆಕೆ, ಬೆವರು ಧಾರಾಕಾರ. ಮಳೆ ನಿಂತು ಚಳಿ ಶುರುವಾಗುವ ದಿನಗಳು ಒಳ್ಳೆಯವು. ಅಮಾವಾಸ್ಯೆಯೋ ಹುಣ್ಣಿಮೆಯೋ ಕಳೆದ ಮಾರನೆಯ ದಿನದ ಇಳಿತ ಸಿಕ್ಕರೆ ಇನ್ನೂ ಒಳ್ಳೆಯದು, ಕೆಸರು ದೂರದವರೆಗೆ ತೆರೆದುಕೊಂಡಿರುತ್ತದೆ.

ಅಂಥದೊಂದು ದಿನ ನನ್ನ ಪಕ್ಕದಲ್ಲಿ ಒಂದು ಸಂಸಾರ ನಿಂತಿತ್ತು. ಐದಾರು ವರ್ಷದ ಹುಡುಗಿ ಕೈಹಿಡಿಕೆಯ ಸಂದಿನಿಂದ ತಲೆ ತೂರಿಸಿ ಕೆಳಗೆ ನೋಡುತ್ತಿದ್ದಳು. ಅಪ್ಪನಿಗೆ ಹೊರಡುವ ಅವಸರ, ಮುರ್ಡೇಶ್ವರ ಬಾಕಿ ಇತ್ತು.

"ಅಪ್ಪಾ, ಅದ್ಯಾಕೆ ಕೈ ಆಡಿಸ್ತಿದೆ?"

"ಟಾಟಾ ಮಾಡ್ತಿದೆ ಪುಟ್ಟಿ. ನೀನೂ ಟಾಟಾ ಮಾಡು, ಹೋಗೋಣ."

ಅವಳು ಕೈ ಎತ್ತಲಿಲ್ಲ. ಇನ್ನಷ್ಟು ಹೊತ್ತು ನೋಡಿದಳು. "ಸುಳ್ಳು. ನಾವು ಬಂದಾಗ್ಲೂ ಹಿಂಗೇ ಮಾಡ್ತಿತ್ತಲ್ಲ" ಎಂದಳು. ಅಪ್ಪ ನನ್ನ ಮುಖ ನೋಡಿದ. ನಿಜ ಕಾರಣ ನನಗೆ ಗೊತ್ತಿತ್ತು. ಆದರೆ ಮಗುವಿಗೆ ಹೇಗೆ ಹೇಳುವುದು? ನಾನು ಮಿಂಚುಳ್ಳಿ ಹುಡುಕಲು ಶುರು ಮಾಡಿದೆ.